ಷರಾ ಕಾಲಮ್ಮಿನ ಒಂದು ಮಾತು

ಹಲಸಿನಮಕ್ಕಿ ಪೊಲೀಸ್ ಠಾಣೆಗೆ ಆ ದೂರು ಬಂದದ್ದು ೧೯೭೯ರ ಫೆಬ್ರವರಿ ೧೨, ಸೋಮವಾರ, ಬೆಳಿಗ್ಗೆ ೧೦-೪೦ಕ್ಕೆ. ತಂದವರು ಊರಿನ ಶಾಲೆಯ ಹೆಡ್‌ಮಿಸ್ ವನಮಾಲಾ. ಶಾಲೆಯ ಬೀರುವಿನಲ್ಲಿದ್ದ ಹಳೆಯ ದಾಖಲಾತಿ ರಿಜಿಸ್ಟರ್ ಒಂದು ಕಾಣೆಯಾಗಿತ್ತು.

ಬಾಳಗಡಿಯಿಂದ ಒಂದೂವರೆ ಮೈಲಿ ದೂರದ ಆ ಠಾಣೆಯನ್ನು ಈಗ ನೆನೆಸಿಕೊಂಡರೆ ನಗು ಬರುತ್ತದೆ. ತಳ್ಳಿದರೆ ಮಾತ್ರ ಹೊರಡುವ ಒಂದು ಜೀಪು, ಒಂದು ಶಾಯಿ ದೌತಿ, ನಾಲ್ಕು ಸಲ ಬಳಸಿ ಬೆಳ್ಳಗಾದ ಕಾರ್ಬನ್ ಹಾಳೆಗಳು. ಗೋಡೆಯ ಗಡಿಯಾರವನ್ನು ಯಾರೂ ನಂಬುತ್ತಿರಲಿಲ್ಲ, ಬಸ್ಸು ಹೋದದ್ದನ್ನು ನೋಡಿ ಹೊತ್ತು ಬರೆಯುತ್ತಿದ್ದರು. ಬರೆಯುವವರು ರೈಟರ್ ಗಿಡ್ಡಯ್ಯ, ಹೆಡ್ ಕಾನ್‌ಸ್ಟೆಬಲ್. ಬಾಯಿ ತೆರೆದರೆ ಅಪ್ಪಟ ಮಲೆನಾಡಿನ ಮಾತು. ಪೆನ್ನು ಹಿಡಿದರೆ ಮಾತ್ರ ಬೇರೆಯೇ ಮನುಷ್ಯ. ಅವರ ಕಾಗದದಲ್ಲಿ ಯಾರೂ ಸುಮ್ಮನೆ ಬರುತ್ತಿರಲಿಲ್ಲ, ಹೋಗುತ್ತಿರಲಿಲ್ಲ. ಒಮ್ಮೆ ಹಗ್ಗ ಬಿಚ್ಚಿಕೊಂಡು ಹೋದ ಎಮ್ಮೆಯನ್ನೂ ಅವರು 'ಪರಾರಿಯಾಗಿರುತ್ತದೆ' ಎಂದು ಬರೆದಿದ್ದರು.

"ಶನಿವಾರ ಬೆಳಗಿನ ಶಾಲೆ. ಹನ್ನೊಂದೂವರೆಗೆ ಬಿಟ್ವಿ," ಎಂದರು ವನಮಾಲಾ. "ಜಮಾಲ್ ಸಾಬರು ಮಗಳ ಸರ್ಟಿಫಿಕೇಟು ಕೇಳಕ್ಕೆ ಬಂದಿದ್ರು. ಸೋಮವಾರ ಬನ್ನಿ ಅಂದೆ, ಹೋದ್ರು. ನಾನೂ ಬಸ್ಸಿಗೆ ಹೋದೆ. ಇವತ್ತು ಬೀರು ತೆಗೆದ್ರೆ ಆ ರಿಜಿಸ್ಟರ್ ಇಲ್ಲ."

"ಜಮಾಲ್ ಅಂದ್ರೆ ಗುಜರಿಯವ?"

"ಹೌದು."

"ಕೈಲಿ ಗಂಟಿತ್ತಾ?"

"ಸೈಕಲ್ ಮೇಲೆ ಹಳೇ ಪೇಪರ್ ಗಂಟು ಯಾವಾಗ್ಲೂ ಇರ್ತದಲ್ಲ."

ಗಿಡ್ಡಯ್ಯ ಬರೆದರು: 'ಗುಜರಿ ವ್ಯಾಪಾರಿ ಜಮಾಲ್ ಎಂಬಾತನು ಶಾಲಾ ಆವರಣದಲ್ಲಿ ಸಂಶಯಾಸ್ಪದವಾಗಿ ಅಡ್ಡಾಡುತ್ತಿದ್ದು, ತದನಂತರ ಗಂಟು ಸಮೇತ ಪರಾರಿಯಾಗಿರುತ್ತಾನೆ.' ಬರೆದದ್ದನ್ನು ಓದಿ ಹೇಳಿದರು. 'ಪರಾರಿ' ಎಂಬಲ್ಲಿ ವನಮಾಲಾ ಒಂದು ಗಳಿಗೆ ತಲೆಯೆತ್ತಿದರು. ಪೊಲೀಸರ ಬರವಣಿಗೆ ಹೀಗೇ ಇರಬಹುದೆಂದುಕೊಂಡು ಸಹಿ ಹಾಕಿದರು. ಎಫ್.ಐ.ಆರ್. ದಾಖಲಾಯಿತು.

ಗಿಡ್ಡಯ್ಯನವರಿಗೆ ಇನ್ನೊಂದು ಪದ್ಧತಿ ಇತ್ತು. ಸಾಕ್ಷಿಯನ್ನು ಕೂರಿಸಿ ಮೊದಲು ದೂರನ್ನು ಪೂರ್ತಿ ಓದಿ ಹೇಳುತ್ತಿದ್ದರು. ಪಾಪ, ಮರೆತಿರುತ್ತಾರೆ, ಕೇಳಿದರೆ ನೆನಪಾಗುತ್ತದೆ ಎಂಬ ಲೆಕ್ಕ. ಸೋಮವಾರ ಮಧ್ಯಾಹ್ನವೂ ಹಾಗೇ ಮಾಡಿದರು. ಶಾಲೆಯ ಎದುರು ಹೋಟೆಲ್ ಇಟ್ಟಿದ್ದ ಶಾಂತಕ್ಕ, ಶಾಲೆಯ ಕಸ ಗುಡಿಸುವ ಕರಿಯಕ್ಕ, ಇಬ್ಬರೂ ಕೇಳಿದರು, ತಲೆಯಾಡಿಸಿದರು, ಹೇಳಿಕೆ ಕೊಟ್ಟರು. ಸಂಜೆ ನಾಲ್ಕಕ್ಕೆ ಜಮಾಲನನ್ನು ಹಿಡಿದು ತಂದು ಕೂರಿಸಿದ್ದಾಯಿತು. ಮಂಗಳವಾರ ಸಂಜೆ ನಾಲ್ಕರೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆಮೇಲೆ ಆ ಮನುಷ್ಯ ಯಾರ ಮನೆ ಬಾಗಿಲಿಗೆ ಹೋಗಿ ಹಳೇ ಪೇಪರ್ ಕೇಳಿದರೂ ಜನ ಒಳಗಿಂದ ಚಿಲಕ ಹಾಕುತ್ತಾರೆ.

ಇನ್‌ಸ್ಪೆಕ್ಟರ್ ಹರಿಹರ ಮೂರು ದಿನ ಶೃಂಗೇರಿಯಲ್ಲಿ ಬಂದೋಬಸ್ತ್ ಮುಗಿಸಿ ಠಾಣೆಗೆ ಮರಳಿದ್ದು ಮಂಗಳವಾರ ಬೆಳಿಗ್ಗೆ ೮-೩೦ಕ್ಕೆ. ದಾವಣಗೆರೆ ಕಡೆಯವರು, ಮಾತು ಕಡಿಮೆ. ಟೋಪಿ ತೆಗೆದು ಮೇಜಿನ ಮೇಲಿಟ್ಟು, ಫೈಲು ತೆಗೆದರು.

"ಕೇಸು ಆಗಿಹೋಯ್ತು ಸಾರ್," ಎಂದರು ಗಿಡ್ಡಯ್ಯ. "ಇಬ್ರು ಸಾಕ್ಷಿ. ಮಾಲು ಒಂದು ಸಿಕ್ಕಿಲ್ಲ. ಬೇರೆ ಪೇಪರ್ ಜೊತೆ ಮಾರಿರ್ತಾನೆ."

ಹರಿಹರ ಎರಡೂ ಹೇಳಿಕೆ ಓದಿದರು. ಶಾಂತಕ್ಕನದು: 'ಜಮಾಲನು ದೊಡ್ಡ ಗಂಟು ಸಮೇತ ಸೈಕಲ್ ಏರಿ ಗಡಿಬಿಡಿಯಿಂದ ಪರಾರಿಯಾದುದನ್ನು ಕಣ್ಣಾರೆ ಕಂಡಿರುತ್ತೇನೆ.' ಕರಿಯಕ್ಕನದೂ ಅದೇ. ಅವಳ ಹೇಳಿಕೆಯಲ್ಲಿ ಗಂಟು ಇನ್ನೂ ಸ್ವಲ್ಪ ದೊಡ್ಡದಾಗಿತ್ತು.

"ಕರಿಯಕ್ಕ ಪರಾರಿ ಅಂದಳಾ?"

"ಮಾತು ನಂದು ಸಾರ್. ಅರ್ಥ ಅವಳದ್ದು."

ಹರಿಹರ ಬೆಂಚಿನ ಮೇಲಿದ್ದ ಜಮಾಲನ ಹತ್ತಿರ ಹೋದರು. ಐವತ್ತರ ಆಸುಪಾಸಿನ ಬಡಕಲು ಮನುಷ್ಯ, ಕೈಯಲ್ಲಿ ಟೋಪಿ ಹಿಂಡುತ್ತಿದ್ದ.

"ಹೇಳಿ. ಶನಿವಾರ ಶಾಲೆಗೆ ಯಾಕೆ ಹೋದ್ರಿ?"

'ಹೇಳಿ' ಎಂದದ್ದಕ್ಕೇ ಜಮಾಲನ ಕಣ್ಣು ತುಂಬಿತು. ನಿನ್ನೆಯಿಂದ ಎಲ್ಲರೂ ಅವನನ್ನು ಏಕವಚನದಲ್ಲೇ ಗದರಿಸಿದ್ದರು.

"ಮಗಳು ಬಿಲ್ಕಿಸಿಗೆ ಬಾಲವಾಡಿ ಟೀಚರ್ ಟ್ರೈನಿಂಗ್ ಸಾಹೇಬ್ರೆ. ಗುರುವಾರ ನರಸಿಂಹರಾಜಪುರದಲ್ಲಿ ಸಂದರ್ಶನ. ಶಾಲೆ ಸರ್ಟಿಫಿಕೇಟು ಬೇಕು. ಅದನ್ನ ಬರ್ಕೊಡೋದೇ ಆ ಪುಸ್ತಕ ನೋಡಿ. ನಾನು ಅದನ್ನೇ ಕದ್ದು ಎಂತ ಮಾಡ್ಲಿ?"

"ಸೈಕಲ್ ಹತ್ತಿ ಹೋದ್ರಾ?"

"ಎಲ್ಲಿ ಹತ್ತೋದು? ಹಿಂದಿನ ಚಕ್ರ ಪಂಕ್ಚರ್. ಬಾಳಗಡಿ ತನಕ ತಳ್ಳಿದೆ."

ಅಷ್ಟರಲ್ಲಿ ತಂದೆಗೆ ತಿಂಡಿ ಹಿಡಿದುಕೊಂಡು ಬಿಲ್ಕಿಸ್ ಬಂದಳು. ಹತ್ತೊಂಬತ್ತು ವರ್ಷದ ಹುಡುಗಿ. ಇನ್‌ಸ್ಪೆಕ್ಟರ ಕೈಗೆ ಒಂದು ಅರ್ಜಿ ಕೊಟ್ಟಳು. ಅಂಥ ಅರ್ಜಿಗಳಲ್ಲಿ ಸಾಮಾನ್ಯವಾಗಿ ಕಾಲಿಗೆ ಬೀಳುವುದೇ ಹೆಚ್ಚು. ಇದರಲ್ಲಿ ಇದ್ದದ್ದು ಆರು ಸಾಲು. ತಂದೆ ಶಾಲೆಯಿಂದ ಹೊರಟ ಹೊತ್ತು, ಪಂಕ್ಚರ್ ಆದ ಚಕ್ರ, ಪಂಕ್ಚರ್ ಹಾಕಿದ ಬಷೀರ್ ಅಂಗಡಿ, ದಾರಿಯಲ್ಲಿ ಎದುರಾದ ಬಸ್ಸು. ಕೊನೆಗೆ, 'ವಿಚಾರಿಸಿ ನೋಡಬೇಕಾಗಿ ವಿನಂತಿ.'

"ಯಾರು ಬರೆದುಕೊಟ್ಟರು?"

"ನಾನೇ ಬರೆದದ್ದು ಸರ್."

ಹರಿಹರ ಆ ಹಾಳೆಯನ್ನು ಗಿಡ್ಡಯ್ಯನವರ ಮುಂದಿಟ್ಟರು. "ರೈಟರೇ, ಇದನ್ನು ಒಂದು ಸಲ ಓದಿ." ಗಿಡ್ಡಯ್ಯ ಓದಿದರು. ಇಪ್ಪತ್ತು ವರ್ಷ ಬರೆದು ಬರೆದು ಹೆಬ್ಬೆರಳು ವಕ್ರವಾಗಿದ್ದ ಮನುಷ್ಯ. ಒಳ್ಳೆಯ ಕಾಗದ ಯಾವುದೆಂದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ.

೯-೪೫ಕ್ಕೆ ಜೀಪು ತಳ್ಳಿ ಬಾಳಗಡಿಗೆ ಹೊರಟರು. ಸೈಕಲ್ ಷಾಪಿನ ಬಷೀರ್ ಟ್ಯೂಬನ್ನು ನೀರಿನ ಬಾಂಡಲಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದ.

"ಶನಿವಾರ ಜಮಾಲ್ ಬಂದಿದ್ದನಾ?"

"ಬಂದಿದ್ರು. ಸೈಕಲ್ ತಳ್ಕೊಂಡು, ಬೆವರು ಸುರಿಸ್ಕೊಂಡು. ರೇಡಿಯೋದಲ್ಲಿ ಮಧ್ಯಾಹ್ನದ ವಾರ್ತೆ ಬರ್ತಿತ್ತು. ಎರಡು ಕಡೆ ತೂತಿತ್ತು. ಅಷ್ಟು ದೂರ ತಳ್ಳಿ ರಿಮ್ಮೂ ಸ್ವಲ್ಪ ಡೊಂಕಾಗಿತ್ತು."

"ಗಂಟಿತ್ತಾ?"

"ಇತ್ತು. ಬಿಚ್ಚಿ ಇಳಿಸಿದ್ದು ನಾನೇ. ಪೇಪರ್, ಎರಡು ಬಾಟ್ಲಿ. ಪುಸ್ತಕ ಇರ್ಲಿಲ್ಲ."

ವಾಪಸು ಬರುವಾಗ ಗಿಡ್ಡಯ್ಯ ಮೆಲ್ಲಗೆ, "ಇಬ್ರೂ ಸೈಕಲ್ ಏರಿ ಹೋದ ಅಂದ್ರಲ್ಲ ಸಾರ್, ಸುಳ್ಳು ಹೇಳೋ ಹೆಂಗಸ್ರಲ್ಲ ಅವರು," ಎಂದರು.

"ಸುಳ್ಳು ಹೇಳಿಲ್ಲ. ನೀವು ಮೊದಲೇ ಪರಾರಿ ಅಂತ ಓದಿ ಹೇಳಿದ್ದಿರಿ. ಪರಾರಿಯಾಗುವವನು ಸೈಕಲ್ ತಳ್ಳಿಕೊಂಡು ಹೋಗುವುದಿಲ್ಲವಲ್ಲ. ಅವರು ಏರಿಸಿಬಿಟ್ಟರು," ಎಂದರು ಹರಿಹರ.

೧೧-೦೦ಕ್ಕೆ ಶಾಲೆಯಲ್ಲಿ ಸ್ಥಳ ಪಂಚನಾಮೆ. ಬೀರುವಿನ ಬೀಗ ಮುರಿದಿರಲಿಲ್ಲ. ಮೂಲೆಯಲ್ಲಿ ಹಳೆಯ ಪರೀಕ್ಷೆ ಪೇಪರುಗಳ ದೊಡ್ಡ ರಾಶಿ ಧೂಳು ಹಿಡಿದು ಕೂತಿತ್ತು, ಅದನ್ನು ಯಾರೂ ಮುಟ್ಟಿರಲಿಲ್ಲ. ಗುಜರಿಯವನು ಆ ರಾಶಿ ಬಿಟ್ಟು ಒಂದು ರಿಜಿಸ್ಟರ್ ಒಯ್ಯುವುದುಂಟೇ? ಬೀರುವಿನಲ್ಲಿ ಹತ್ತು ರಿಜಿಸ್ಟರಿತ್ತು, ಹೋದದ್ದು ೧೯೬೬ರಿಂದ ೭೦ರವರೆಗಿನದು ಮಾತ್ರ.

"ಬೀಗದ ಕೈ ಎಲ್ಲಿರುತ್ತದೆ?"

ವನಮಾಲಾ ಸಂಕೋಚದಿಂದ ಗೋಡೆ ಗಡಿಯಾರದ ಹಿಂದೆ ಕೈ ಹಾಕಿ ತೆಗೆದರು. "ಮೊದಲಿಂದ ಬಂದ ಪದ್ಧತಿ ಸರ್. ನಾನು ಬರೋಕ್ಕಿಂತ ಮುಂಚೆ ಇಲ್ಲೇ ಇಡ್ತಿದ್ರಂತೆ."

"ಯಾರಿಗೆ ಗೊತ್ತು?"

ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಕರಿಯಕ್ಕ ಉತ್ತರ ಕೊಟ್ಟಳು. "ಅಮ್ಮಾವ್ರಿಗೆ ಗೊತ್ತು, ನಂಗೆ ಗೊತ್ತು. ಅಲ್ಲಿಡಕ್ಕೆ ಶುರು ಮಾಡಿದ್ದೇ ಸುಬ್ರಾಯ ಮಾಸ್ತರು ಅಲ್ವಾ ಅಯ್ಯಾ."

ಸುಬ್ರಾಯ ಮಾಸ್ತರು ಎಂದರೆ ಆ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಕಲಿಸಿ ನಿವೃತ್ತರಾದವರು. ಅರ್ಧ ಊರು ಅವರ ಕೈಯಲ್ಲಿ ಅಕ್ಷರ ತಿದ್ದಿತ್ತು. ಗಿಡ್ಡಯ್ಯನವರ ಮಗಳೂ ತಿದ್ದಿದ್ದಳು.

ಹರಿಹರ ರಸ್ತೆ ದಾಟಿ ಶಾಂತಕ್ಕನ ಹೋಟೆಲಿಗೆ ಹೋಗಿ ಕಾಫಿ ಹೇಳಿದರು. ದೂರು ಓದಲಿಲ್ಲ, ಫೈಲನ್ನೇ ತೆಗೆಯಲಿಲ್ಲ. ಗಿಡ್ಡಯ್ಯ ಬಾಯಿ ತೆರೆದಾಗ ಸನ್ನೆ ಮಾಡಿ ಸುಮ್ಮನಾಗಿಸಿದರು.

"ಶಾಂತಕ್ಕ, ಶನಿವಾರ ಬೆಳಿಗ್ಗೆಯಿಂದ ನೀವು ಏನೇನು ಮಾಡಿದ್ರಿ ಹೇಳಿ."

"ನಾನಾ? ನಾನೆಂತ ಮಾಡ್ಲಿ ಮಾರಾಯ್ರೆ, ದಿನಾ ಮಾಡೋದೇ." ಆದರೆ ಅವಳಿಗೆ ಖುಷಿಯಾಯಿತು. ಅವಳ ದಿನ ಹೇಗೆ ಹೋಯಿತೆಂದು ಕೇಳಿದವರು ಯಾರಿದ್ದರು? ಇಡ್ಲಿ ಖಾಲಿಯಾದದ್ದು, ಹಾಲು ಒಡೆದದ್ದು, ಎಲ್ಲ ಬಂತು. "ಶಾಲೆ ಬಿಡ್ತು. ಜಮಾಲಣ್ಣ ಬಂದ್ರು. ನೀರು ಕೇಳಿದ್ರು, ಕೊಟ್ಟೆ. ಸೈಕಲ್ ಹಾಳಾಗಿದೆ ಅಂತ ಬೈಕೊಂಡು ತಳ್ತಾ ಹೋದ್ರು. ಆಮೇಲೆ ಮಾಸ್ತರು ಬಂದ್ರು ಕೊಡೆ ಹಿಡ್ಕೊಂಡು. ಒಂದು ಹತ್ತು ನಿಮಿಷ ಶಾಲೆ ಒಳಗಿದ್ರು, ಹೋದ್ರು. ಕೈಚೀಲ ಭಾರ ಇತ್ತು ಕಾಣ್ತದೆ, ಕೈ ಬದಲಾಯಿಸ್ತಿದ್ರು. ಕಾಫಿ ಕುಡೀರಿ ಅಂದ್ರೆ ಕೇಳಿಸ್ಲೇ ಇಲ್ಲ ಅವರಿಗೆ."

ಹೇಳುತ್ತ ಹೇಳುತ್ತ ಶಾಂತಕ್ಕ ತಾನೇ ನಿಂತಳು. "ಅಯ್ಯೋ, ತಳ್ತಾ ಹೋದ್ರಲ್ಲ! ನಿನ್ನೆ ಹತ್ತಿ ಹೋದ್ರು ಅಂದೆ. ನಂಗೆ ನಿನ್ನೆ ಹಾಗೇ ಕಂಡಂತೆ ಆಯ್ತು ನೋಡಿ."

"ಮಾಸ್ತರು ಬಂದದ್ದು ನಿನ್ನೆ ಯಾಕೆ ಹೇಳಲಿಲ್ಲ?"

"ಸಂಶಯಾಸ್ಪದ ವ್ಯಕ್ತಿ ಬೇರೆ ಯಾರಾದ್ರೂ ಬಂದಿದ್ರಾ ಅಂತ ಕೇಳಿದ್ರು ರೈಟರು." ಶಾಂತಕ್ಕ ಗಿಡ್ಡಯ್ಯನವರನ್ನೇ ನೋಡಿದಳು. "ಮಾಸ್ತರು ಸಂಶಯಾಸ್ಪದವಾ ಮಾರಾಯ್ರೆ?"

ಗಿಡ್ಡಯ್ಯನವರ ಲೋಟ ಬಾಯಿಯ ಹತ್ತಿರವೇ ನಿಂತಿತು. ಒಂದೇ ಗೇಟು, ಒಂದೇ ಮಧ್ಯಾಹ್ನ. ಒಬ್ಬರು ಬಂದುಹೋದರು, ಇನ್ನೊಬ್ಬ ಅಡ್ಡಾಡಿ ಪರಾರಿಯಾದ. ಬರೆದ ಕೈ ತನ್ನದೇ. ಆ ಹೊತ್ತು ಅವರಿಗೆ ನಿಜಕ್ಕೂ ನಾಚಿಕೆಯಾಯಿತು, ಅದನ್ನು ಅವರು ಮುಂದೆ ಎಷ್ಟೋ ವರ್ಷ ಹೊಸ ಹುಡುಗರಿಗೆಲ್ಲ ಹೇಳಿಕೊಂಡಿದ್ದುಂಟು.

ಮಾಸ್ತರ ಮನೆ ತಲುಪಿದಾಗ ೧-೩೦. ಅವರು ಜಗಲಿಯಲ್ಲಿ ಅಂಗಿ ಹಾಕಿಕೊಂಡು, ಕೊಡೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಕೊಟ್ಟಿದ್ದ ದಪ್ಪ ಗಾಜಿನ ಕನ್ನಡಕ. ಹೆಂಡತಿ ಸುಬ್ಬಲಕ್ಷ್ಮಿ ಬಾಗಿಲ ಹಿಂದೆ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

"ನಾನೇ ಬರುವವನಿದ್ದೆ," ಎಂದರು ಮಾಸ್ತರು. "ನಿನ್ನೆ ಸಂಜೆಯೇ ಗೊತ್ತಾಯಿತು. ದಿನಾ ಸಂಜೆ ನನಗೆ ಪೇಪರ್ ಓದಿ ಹೇಳುವ ಬಿಲ್ಕಿಸ್ ಬರಲಿಲ್ಲ. ಯಾಕೆ ಅಂತ ಇವಳು ವಿಚಾರಿಸಿದಳು. ಆಗಿನಿಂದ ಅಂಗಿ ಹಾಕುವುದು, ತೆಗೆಯುವುದು. ಕಾಲು ಹೊರಡಲಿಲ್ಲ."

"ರಿಜಿಸ್ಟರ್?"

ಅವರು ಮೂಲೆಯ ಕಡೆ ಕೈ ತೋರಿಸಿದರು. ಜಮಾಲನಿಗೆಂದು ಕೂಡಿಟ್ಟ ಹಳೆಯ ಪೇಪರಿನ ಅಡಿಯಲ್ಲಿ, ಕೆಂಪು ಬಟ್ಟೆಯ ಬೈಂಡಿನ ಪುಸ್ತಕವಿತ್ತು. ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆದು ಪಂಚನಾಮೆ ಬರೆದರು. ನಡುವೆ ಗುರುತಿಗೆ ಒಂದು ಬಾಳೆನಾರು ಇಟ್ಟಿದ್ದ ಪುಟ. ಕ್ರಮಸಂಖ್ಯೆ ೨೧೪, ಬಿಲ್ಕಿಸ್, ತಂದೆ ಜಮಾಲ್, ನಾಲ್ಕನೇ ತರಗತಿ. ಕೊನೆಯಲ್ಲಿ, ಮೇಷ್ಟ್ರು ತಮ್ಮ ಅಭಿಪ್ರಾಯ ಬರೆಯುವ ಷರಾ ಕಾಲಮ್ಮು. ಅಲ್ಲಿ ಗುಂಡಗಿನ ಚಂದದ ಅಕ್ಷರದಲ್ಲಿ, 'ಮಂದಬುದ್ಧಿ.' ಅದರ ಮೇಲೆ ಹೊಸ ಶಾಯಿಯ ನಡುಗುವ ಗೆರೆ. ಪಕ್ಕದಲ್ಲಿ ಜಾಗ ಖಾಲಿ.

"ಸರ್ಟಿಫಿಕೇಟಿಗೆ ಷರಾ ನಕಲು ಮಾಡಲೇಬೇಕು ಇನ್‌ಸ್ಪೆಕ್ಟರೇ. ಇದನ್ನು ನೋಡಿದವರು ಅವಳ ಕೈಗೆ ಮಕ್ಕಳನ್ನು ಒಪ್ಪಿಸುತ್ತಾರಾ? ಜಮಾಲ್ ಖುಷಿಯಿಂದ ಹೇಳಿದ, ಶನಿವಾರ ಸರ್ಟಿಫಿಕೇಟಿಗೆ ಹೋಗ್ತೇನೆ ಅಂತ. ನನ್ನ ಎದೆ ಒಡೆಯಿತು."

"ವನಮಾಲಾ ಅವರಿಗೆ ಹೇಳಬಹುದಿತ್ತು."

"ಎಂತ ಅಂತ ಹೇಳಲಿ? ನನ್ನ ಅಕ್ಷರ ಅದು. ತಿದ್ದಿ ಸೋಮವಾರ ಬೆಳಿಗ್ಗೆ ಇಟ್ಟುಬಿಡುವ ಅಂತ ತಂದೆ. ಹೊಡೆದು ಹಾಕಿದೆ. ಬದಲಿಗೆ ಯಾವ ಮಾತು ಬರೆಯಬೇಕು ಅಂತ ಮೂರು ದಿನದಿಂದ ಯೋಚಿಸ್ತಾ ಇದ್ದೇನೆ. ಸಿಗಲಿಲ್ಲ."

೨-೧೫ಕ್ಕೆ ಅವರನ್ನು ಬಂಧಿಸಲಾಯಿತು. ಜೀಪು ಹೊರಡಲಿಲ್ಲ. ಗಿಡ್ಡಯ್ಯ ತಳ್ಳುವಾಗ ಮಾಸ್ತರೂ ಇಳಿದು ತಳ್ಳಲು ಹೋದರು. ಗಿಡ್ಡಯ್ಯ ಕೈ ಮುಗಿದು ಅವರನ್ನು ಮತ್ತೆ ಹತ್ತಿಸಿದರು.

ಠಾಣೆಯಲ್ಲಿ ಜಮಾಲನ ಬಿಡುಗಡೆಯ ಕಾಗದ ಸಿದ್ಧವಾಗುತ್ತಿತ್ತು. ಅವನು, ಬಿಲ್ಕಿಸ್ ಇಬ್ಬರೂ ಬೆಂಚಿನ ಮೇಲಿದ್ದರು. ಮಾಸ್ತರು ಒಳಗೆ ಬಂದದ್ದು ನೋಡಿ ಇಬ್ಬರೂ ಎದ್ದು ನಿಂತರು. ಆಗ ಹಾಗೇ, ಮಾಸ್ತರು ಬಂದರೆ ಯಾರೂ ಕೂತಿರುತ್ತಿರಲಿಲ್ಲ. ಅವರು ಯಾಕೆ ಬಂದಿದ್ದಾರೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಹೇಳಿಕೆ ಬರೆಯಲು ಕೂತ ಗಿಡ್ಡಯ್ಯ ಆ ದಿನ ಒಂದು ಮಾತನ್ನೂ ತಮ್ಮದಾಗಿ ಸೇರಿಸಲಿಲ್ಲ. ಬರೆದು ಮುಗಿದಾಗ ೩-೨೦. ಹೇಳಿದವರಿಗೆ ಓದಿ ಹೇಳಿ ಸಹಿ ತೆಗೆದುಕೊಳ್ಳಬೇಕು. ಅವರು ಗಂಟಲು ಸರಿಮಾಡಿಕೊಂಡರು.

"ಬಿಲ್ಕಿಸ್ ಓದಬಹುದಾ?" ಎಂದು ಮಾಸ್ತರು ಕೇಳಿದರು. "ದಿನಾ ನನಗೆ ಓದುವವಳು ಅವಳೇ. ಬಾಯಿ ಬಿಟ್ಟು ಹೇಳಲಿಕ್ಕೆ ನನ್ನಿಂದ ಆಗಲಿಲ್ಲ. ಓದಿಯಾದರೂ ಅವಳಿಗೆ ತಿಳಿಯಲಿ."

ಹರಿಹರ ಹುಡುಗಿಯ ಮುಖ ನೋಡಿದರು. "ನಿನಗೆ ಬೇಡವಾದರೆ ಬೇಡಮ್ಮ." ಅವಳು ಕೈ ಚಾಚಿ ಹಾಳೆ ತೆಗೆದುಕೊಂಡಳು. ಪೇಪರ್ ಓದುವ ಸ್ವರದಲ್ಲೇ, ಅವಸರವಿಲ್ಲದೆ ಓದತೊಡಗಿದಳು.

"'ನನ್ನ ಹೆಸರು ಸುಬ್ರಾಯ. ವಯಸ್ಸು ಅರವತ್ತೇಳು. ತರಗತಿಯಲ್ಲಿ ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತು ಎಣಿಸುವುದು ನನ್ನ ರೂಢಿ. ಅಷ್ಟರೊಳಗೆ ಉತ್ತರ ಬಾರದಿದ್ದರೆ ಮುಂದಿನವರಿಗೆ ಹೋಗುತ್ತಿದ್ದೆ. ಆ ಹುಡುಗಿಯ ಮನೆಮಾತು ಬ್ಯಾರಿ. ನನ್ನ ಪ್ರಶ್ನೆಯನ್ನು ಅವಳು ಮೊದಲು ಮನೆಮಾತಿಗೆ ತಿರುಗಿಸಿಕೊಂಡು, ಉತ್ತರ ಹುಡುಕಿ, ಮತ್ತೆ ಕನ್ನಡಕ್ಕೆ ತರುತ್ತಿದ್ದಳೆಂದು ನನಗೆ ತಿಳಿದದ್ದು ಈಗ, ಅವಳು ಪೇಪರ್ ಓದಲು ಬಂದ ಮೇಲೆ, ಅವಳೇ ನಗುತ್ತ ಹೇಳಿದಾಗ. ಅವಳ ಉತ್ತರ ಹನ್ನೆರಡಕ್ಕೆ ಬರುತ್ತಿತ್ತು. ನಾನು ಆ ವರ್ಷ ಅವಳ ಷರಾ ಕಾಲಮ್ಮಿನಲ್ಲಿ...'"

ಅಲ್ಲಿ ಅವಳು ನಿಂತಳು. ಹೊರಗೆ ಮೂರೂವರೆ ಬಸ್ಸು ಹಾರ್ನ್ ಹಾಕಿ ಹೋಯಿತು.

"'...ಮಂದಬುದ್ಧಿ ಎಂದು ಬರೆದೆನು. ಮುಂದಿನ ಮೇಷ್ಟ್ರುಗಳು ಅದನ್ನು ಓದಿ ಅವಳಿಗೆ ಪ್ರಶ್ನೆ ಕೇಳುವುದನ್ನೇ ಬಿಟ್ಟರು.'"

ಬಿಲ್ಕಿಸ್ ಹಾಳೆ ಇಳಿಸಿದಳು. ಏಳನೇ ತರಗತಿ ಮುಗಿಯುವವರೆಗೂ ಹಿಂದಿನ ಬೆಂಚು. ಕೈಯೆತ್ತಿದರೂ ಮುಂದಕ್ಕೆ ಹೋಗುತ್ತಿದ್ದ ಮೇಷ್ಟ್ರ ಕಣ್ಣು. ತನ್ನಲ್ಲೇ ಏನೋ ಕಡಿಮೆ ಇರಬೇಕೆಂದು ಅವಳು ಇಷ್ಟು ವರ್ಷ ನಂಬಿದ್ದಳು. ಅದಕ್ಕೊಂದು ಕಾರಣ ಬೀರುವಿನಲ್ಲಿ ಕೂತಿತ್ತು.

"ಇದು ನಾನಾ, ಮೇಷ್ಟ್ರೇ?"

"ಅಲ್ಲ ಕೂಸು," ಎಂದರು ಮಾಸ್ತರು. ದಪ್ಪ ಗಾಜಿನ ಹಿಂದೆ ಅವರ ಕಣ್ಣು ಒದ್ದೆಯಾಗಿತ್ತು. "ಯಾವತ್ತೂ ಅಲ್ಲ."

ಅವಳು ಹಾಳೆಯನ್ನು ಮತ್ತೆ ಎತ್ತಿಕೊಂಡು ಕೊನೆಯವರೆಗೂ ಓದಿದಳು. ಮಾಸ್ತರು ಸಹಿ ಮಾಡಬೇಕಾದ ಜಾಗ ಕಾಣದೆ ತಡಕಿದಾಗ ಅವರ ಬೆರಳು ಹಿಡಿದು ಅಲ್ಲಿಗೆ ಇಟ್ಟಳು. ಆಗ ೩-೩೫.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ರಿಜಿಸ್ಟರ್ ಈಗ ಕೇಸಿನ ಮಾಲು, ಶಾಲೆಗೆ ಕೊಡುವಂತಿಲ್ಲ. ಗುರುವಾರ ಸಂದರ್ಶನ. ದಾರಿ ಹುಡುಕಿದವರು ಗಿಡ್ಡಯ್ಯ. ವನಮಾಲಾ ಠಾಣೆಗೇ ಬಂದು ಇನ್‌ಸ್ಪೆಕ್ಟರ ಎದುರು ನಕಲು ಮಾಡಿಕೊಂಡರೆ ಯಾರ ಅಡ್ಡಿಯೂ ಇಲ್ಲ ಎಂದರು. ಷರಾ ಕಾಲಮ್ಮಿಗೆ ಬಂದಾಗ ವನಮಾಲಾ ಪೆನ್ನು ತಡೆದರು.

"ಹೊಡೆದು ಹಾಕಿದ ಮಾತನ್ನೂ ನಕಲು ಮಾಡಬೇಕಾ?"

"ಹಾಗಂತ ಯಾವ ನಿಯಮವೂ ಇಲ್ಲ ಮೇಡಂ," ಎಂದರು ಗಿಡ್ಡಯ್ಯ, ಆ ಊರಿನಲ್ಲಿ ನಿಯಮ ಅವರಷ್ಟು ಯಾರಿಗೂ ಗೊತ್ತಿರಲಿಲ್ಲ. ಕಾಲಮ್ಮು ಖಾಲಿ ಉಳಿಯಿತು. ಗುರುವಾರ ಬೆಳಗಿನ ಬಸ್ಸಿಗೆ ಜಮಾಲ್ ಮಗಳನ್ನು ಕರೆದುಕೊಂಡು ನರಸಿಂಹರಾಜಪುರಕ್ಕೆ ಹೋದ. ಆ ವರ್ಷ ಜೂನಿನಲ್ಲಿ ಬಿಲ್ಕಿಸ್ ಕಡಹಿನಬೈಲಿನ ಬಾಲವಾಡಿಗೆ ಸೇರಿದಳು. ಅಲ್ಲಿ ಕಲಿತ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಟೀಚರ್ ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತಾದರೂ ಕಾಯುತ್ತಿದ್ದರು ಎಂದು ಹೇಳುತ್ತಾರೆ.

ಮಂಗಳವಾರ ಸಂಜೆ ಮಾಸ್ತರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ, ಜಾಮೀನಾಗಿ, ಹರಿಹರ ಠಾಣೆಗೆ ಮರಳಿದಾಗ ಕೇಸ್ ಡೈರಿಯಲ್ಲಿ ಒಂದು ಸಾಲು ಬಾಕಿ ಇತ್ತು. ಕೃತ್ಯಕ್ಕೆ ಕಾರಣ.

"ಎಂತ ಬರೀಲಿ ಸಾರ್?"

"ಅವರು ಜೀಪಿನಲ್ಲಿ ಹೇಳಿದ್ದನ್ನೇ ಬರೆಯಿರಿ."

ಗಿಡ್ಡಯ್ಯ ನಿಬ್ಬನ್ನು ದೌತಿಗೆ ಅದ್ದಿ, ನಿಧಾನವಾಗಿ ಬರೆದರು: 'ಇನ್ನೆರಡು ಎಣಿಸಿದ್ದರೆ ಸಾಕಿತ್ತು ಎಂದು ಮಾಸ್ತರು ಹೇಳುತ್ತಾರೆ.'